ತಂಗಿಯ ಬಾಯಲ್ಲಿ ಬ್ಲೂಸ್

‘ಇದು ನಮ್ಮ ಗಾಯಕಿಯ ಆಲ್ಬಮ್ಮೇ ಅಲ್ಲ’ ಎಂದು ಫೋನಿನಲ್ಲಿ ಬರೆದು ಮುಗಿಸಿದ್ದ ಅಕ್ಕ ಇನ್ನೇನು ಅದನ್ನು ಕಳಿಸುವುದರಲ್ಲಿದ್ದಳು. ಗಾಯಕಿಗಾಗಿ ಅಕ್ಕನೇ ಕಟ್ಟಿದ ಅಭಿಮಾನಿ ಬಳಗ, ಹೊಸ ಆಲ್ಬಮ್ ಬಂದ ವಾರದಿಂದ ಎರಡು ಹೋಳಾಗಿತ್ತು. ಬ್ಲೂಸ್ ಎಂಬ ನೋವಿನ ಹಾಡುಗಳನ್ನು ನುಡಿಸುವ ಒಬ್ಬ ಮುದುಕ ಗಿಟಾರಿಗನ ಜೊತೆ ಸೇರಿ ಗಾಯಕಿ ಕೆಟ್ಟಳು ಅನ್ನುವವರು ಅರ್ಧ, ಈಗಲೇ ಅವಳು ನಿಜವಾಗಿ ಹಾಡಿದ್ದು ಅನ್ನುವವರು ಅರ್ಧ. ಅಕ್ಕ ಏನು ಹೇಳುತ್ತಾಳೋ ಎಂದು ಎಲ್ಲರೂ ಕಾಯುತ್ತಿದ್ದರು.

“ಎರಡು ಹಾಡಿಗೇ ತಲೆ ಚಿಟ್ಟು ಹಿಡೀತು. ಬರೀ ಗೋಳು,” ಎಂದು ಅವಳು ಹೊಲಿಗೆ ಅಂಗಡಿಯ ಒಳಕೋಣೆಯತ್ತ ಕೂಗಿ ಹೇಳಿದಳು. ತಂಗಿ ಒಳಗಿನಿಂದಲೇ ‘ಹೂಂ’ ಅಂದಳು. ಗಂಡನ ಮನೆ ಬಿಟ್ಟು ಬಂದ ಎಂಟು ತಿಂಗಳಿಂದ ಅವಳದು ಹೀಗೇ. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ.

ಅಷ್ಟರಲ್ಲಿ ಒಳಗಿನಿಂದ ಗುನುಗು ಕೇಳಿಸಿತು. ಕಾಜಾ ಹೊಲಿಯುತ್ತಾ ತಂಗಿ ಹಾಡುತ್ತಿದ್ದಳು! ದನಿ ಒಂದು ಕಡೆ ಬಿರಿದು, ಮತ್ತೆ ಸಾವರಿಸಿಕೊಂಡು ಮೇಲೇರಿತು. ಅಕ್ಕ ಕೂತಲ್ಲಿ ಕೂರಲಾಗದೆ ಬಾಗಿಲಿಗೆ ಬಂದಳು.

“ಯಾವ ಹಾಡೇ ಅದು?”

“ಆ ಆಲ್ಬಮ್ಮಿನ ಕೊನೇದು.” ತಂಗಿ ತಲೆ ಎತ್ತಲಿಲ್ಲ. “ನಿಂಗೆ ಇಷ್ಟ ಆಗಲ್ಲ ಬಿಡಕ್ಕ.”

ಅಕ್ಕನ ಕೈಯಲ್ಲಿ ಫೋನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಅವಳು ಬರೆದದ್ದನ್ನೆಲ್ಲ ಅಳಿಸಿ, ಬಟ್ಟೆಯ ರಾಶಿ ಸರಿಸಿ ತಂಗಿಯ ಪಕ್ಕ ಕೂತಳು.

“ನಿಲ್ಲಿಸ್ಬೇಡ. ಹಾಡು.”