ಮೂರನೇ ಮಹಡಿಯ ತಂಪು
ಹುಬ್ಬಳ್ಳಿಯ ಆ ಮಾಲ್‌ನಲ್ಲಿ ಕರೆಂಟು ಉಳಿಸುವ ಕೆಲಸವನ್ನು ಕಟ್ಟಡವೇ ನೋಡಿಕೊಳ್ಳುತ್ತಿತ್ತು. ಗಿರಾಕಿಗಳು ಇದ್ದ ಕಡೆ ಎ.ಸಿ., ದೀಪ, ಲಿಫ್ಟ್ ನಡೆಯುತ್ತಿದ್ದವು, ಇಲ್ಲದ ಕಡೆ ನಿಲ್ಲುತ್ತಿದ್ದವು. ಕೆಲಸದವರ ಮುಖಗಳು ಅದಕ್ಕೆ ಗೊತ್ತಿದ್ದವು. ಅವರನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಮೂರನೇ ಮಹಡಿಯಲ್ಲಿ ನೆಲ ಒರೆಸುತ್ತಿದ್ದ ಗುರುಸಿದ್ಧವ್ವ ಕುಸಿದುಬಿದ್ದಳು. ಜೊತೆಗೆ ಕೆಲಸಕ್ಕಿದ್ದ ಮಾಬುಬಿ ಅವಳ ಮುಖಕ್ಕೆ ನೀರು ಚಿಮುಕಿಸಿ, ಮ್ಯಾನೇಜರ್ ವಾದಿರಾಜರಿಗೆ ಫೋನ್ ಮಾಡಿದಳು.

“ಸರ್, ಅಕ್ಕನ ಮೈ ಕಾದ ಹಂಚಾಗೇತ್ರಿ. ನಾನೊಬ್ಬಾಕಿ ಎತ್ತಲಾರೆ, ಲಿಫ್ಟೂ ಬರವಲ್ದು. ಒಂಚೂರು ಎ.ಸಿ. ಹಚ್ಚಸ್ರಿ.”

“ಅದು ನನ್ನ ಕೈಯಾಗಿಲ್ಲ. ಆಂಬುಲೆನ್ಸಿಗೆ ಹೇಳ್ತೇನಿ. ಅಲ್ಲೀತನಕ ಯಾರರೆ ಗಿರಾಕೀನ ಮ್ಯಾಲೆ ಕರ್ಕೊಂಡು ಬಾ.”

ಮಾಬುಬಿ ಮೆಟ್ಟಿಲಿಳಿದು ಓಡಿ, ಐಸ್‌ಕ್ರೀಮ್ ತಿನ್ನುತ್ತಿದ್ದ ಹೆಂಗಸೊಬ್ಬರಿಗೆ ಕೈಮುಗಿದಳು. “ಅಕ್ಕಾರ, ಸ್ವಲ್ಪ ಹೊತ್ತು ಮ್ಯಾಲೆ ಬಂದು ನಿಂದರ್ರಿ. ನೀವು ಬಂದ್ರ ಗಾಳಿ ಬರ್ತೈತಿ.”

ಆಕೆ ಬಂದರು. ಚಾವಣಿಯಿಂದ ತಣ್ಣನೆಯ ಗಾಳಿ ಇಳಿಯಿತು. ಗುರುಸಿದ್ಧವ್ವ ಕಣ್ಣು ಬಿಟ್ಟು ನೀರು ಕೇಳಿದಳು.

“ಎಚ್ಚರಾತಲ್ಲ? ನಮ್ಮ ಸಿನಿಮಾ ಶುರು ಆಗ್ತದ,” ಎಂದರು ಆಕೆ.

“ಇನ್ನೈದು ನಿಮಿಷರೀ,” ಎಂದು ಮಾಬುಬಿ ಸೆರಗು ಹಿಡಿದಳು. ಆಕೆ ಸೆರಗು ಬಿಡಿಸಿಕೊಂಡು ಇಳಿದುಹೋದರು. ಗಾಳಿ ನಿಂತಿತು. ಗುರುಸಿದ್ಧವ್ವ ಮತ್ತೆ ಕಣ್ಣು ಮುಚ್ಚಿದಳು; ಮಾಬುಬಿ ಮತ್ತೆರಡು ಸಲ ಕೆಳಗೋಡಿ ಕರೆದರೂ ಯಾರೂ ಬರಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಆಂಬುಲೆನ್ಸಿನ ಇಬ್ಬರು ಬಂದರು. ಅವರ ಮುಖಗಳು ಹೊಸವಾದ್ದರಿಂದ ಕಟ್ಟಡ ಗಿರಾಕಿಗಳೆಂದೇ ತಿಳಿದು ಲಿಫ್ಟ್ ಕಳಿಸಿತು, ದೀಪ ಹಚ್ಚಿತು, ಗಾಳಿ ಬಿಟ್ಟಿತು. ಒಬ್ಬ ಗುರುಸಿದ್ಧವ್ವನ ನಾಡಿ ಹಿಡಿದು ನೋಡಿ, ಕೈಯನ್ನು ಮೆಲ್ಲಗೆ ಕೆಳಗಿಟ್ಟ. ಅವರು ಕಾಗದ ಬರೆದು ಮುಗಿಸುವವರೆಗೂ ಮಾಬುಬಿ ಆ ತಂಪಿನಲ್ಲಿ ನಡುಗುತ್ತ ಕುಳಿತಿದ್ದಳು.