ಕಮಾಂಡರ್ ಕೂಗುವ ಹಾಜರಿ

“ಮಾರಾಯ್ತಿ, ನಾಳೆ ಹಿಸ್ಟರಿ ಕ್ಲಾಸಿಗೆ ಬರೋದು ನಿನ್ನ ಮುತ್ತಜ್ಜನ ಹಡಗು ಮುಳುಗಿಸಿದ ಆ ಜರ್ಮನ್ ಕಮಾಂಡರ್ ಅಂತೆ,” ಎಂದಳು ಪ್ರಫುಲ್ಲಾ.

ನಮ್ಮ ಕಾಲೇಜಿಗೆ ತಿಂಗಳಿಗೊಬ್ಬರು ಸತ್ತವರು ಬಂದು ಒಂದು ತಾಸು ಪಾಠ ಮಾಡಿ ಹೋಗುತ್ತಾರೆ. ಮೊದಲು ಹಾಜರಿ ಕೂಗುವುದೂ ಅವರೇ. ಹೋದ ಸಲ ಬಂದ ವಿಜಯನಗರದ ಕುದುರೆ ವ್ಯಾಪಾರಿ ಫ್ಯಾನ್ ನೋಡಿ ಹೆದರಿದ್ದ.

ನೋಟೀಸಿನಲ್ಲಿ ‘ಲಕ್ಷ ಟನ್ ಹಡಗು ಮುಳುಗಿಸಿದ ಸಬ್‌ಮರೀನ್ ವೀರ’ ಎಂದಿತ್ತು. ಅದನ್ನು ಕಿತ್ತುಕೊಂಡು ಪ್ರಫುಲ್ಲಾ ಜೊತೆ ಹೋಗಿ ಇತಿಹಾಸದ ಶೇರಿಗಾರ್ ಸರ್ ಮುಂದಿಟ್ಟೆ.

“ಸರ್, ಮುತ್ತಜ್ಜ ಆ ಹಡಗಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕ್ತಿದ್ರು. ದೋಣಿ ಹತ್ತಿ ಬದುಕಿದವರ ಹತ್ರ ಈ ವೀರ ಹಡಗಿನ ಹೆಸರು ಕೇಳಿದ, ಎಷ್ಟು ಟನ್ ಅಂತ ಕೇಳಿದ, ಬರ್ಕೊಂಡು ಹೋದ. ಸತ್ತವರ ಹೆಸರು ಕೇಳ್ಲೇ ಇಲ್ಲ.”

“ಅತಿಥಿ ಅಲ್ವಾ, ಜಗಳ ಬೇಡ.”

“ಜಗಳ ಇಲ್ಲ. ನಾಳೆ ಹಾಜರಿಗೆ ಈ ಪಟ್ಟಿ ಕೊಡಿ.”

ಅಂದು ಮುಳುಗಿ ಸತ್ತ ಮೂವತ್ತೊಂದು ಮಂದಿ ಹಡಗಿನ ಖಲಾಸಿಗಳ ಹೆಸರುಗಳು ಅದರಲ್ಲಿದ್ದವು. ಏಳನೆಯದು ನನ್ನ ಮುತ್ತಜ್ಜ, ಕೋಡಿ ಊರಿನ ನಾಗ ಖಾರ್ವಿ. ಸರ್ ಪೂರ್ತಿ ಓದಿದರು.

“ಕಮಾಂಡರ್ ಇದನ್ನು ಕೂಗಿದ್ರೆ ಎದ್ದು ನಿಲ್ಲೋದು ಯಾರು?”

“ಏಳನೇ ಹೆಸರಿಗೆ ನಾನು.”

“ಉಳಿದದ್ದಕ್ಕೆ ಇಡೀ ಕ್ಲಾಸ್ ಇದೆ,” ಎಂದಳು ಪ್ರಫುಲ್ಲಾ.

ಸರ್ ಪಟ್ಟಿಯನ್ನು ಹಾಜರಿ ಪುಸ್ತಕದೊಳಗಿಟ್ಟರು.

“ಹತ್ತು ಗಂಟೆಗೆ. ಒಬ್ಬರೂ ತಪ್ಪಿಸ್ಬಾರ್ದು.”