ಬಸ್ಸಾರಿನಲ್ಲಿ ಇದ್ದದ್ದು

ಕಲಾವತಿ ಸಾರಿನ ಪಾತ್ರೆಯನ್ನು ಜರಡಿಯ ಮೇಲೆ ಬಗ್ಗಿಸಿ, ತಳದಲ್ಲಿ ಉಳಿದಿದ್ದನ್ನೆಲ್ಲ ಬೆರಳಿನಿಂದ ಕೆದಕಿದಳು. ಸೊಪ್ಪಿನ ದಂಟು ಸಿಕ್ಕಿತು. ಬೆಳ್ಳುಳ್ಳಿ ಸಿಪ್ಪೆ ಸಿಕ್ಕಿತು. ಹಲ್ಲಿ ಸಿಗಲಿಲ್ಲ. ಹಾಗಾದರೆ ಅದು ಯಾರದೋ ಹೊಟ್ಟೆ ಸೇರಿದೆ.

ಮಧ್ಯಾಹ್ನ ಅವಳೂ ಅದೇ ಸಾರಿನಲ್ಲಿ ಎರಡು ಮುದ್ದೆ ನುಂಗಿದ್ದಳು.

ಬೆಂಗಳೂರಿನಂಚಿನ ಸಿಂಗಾಪುರದ ಬಸ್ ಸ್ಟಾಪಿನ ಹಿಂದಿನ ರಸ್ತೆಯಲ್ಲಿ ಕಲಾವತಿಯದು ಆರು ಮೇಜಿನ ಮೆಸ್. ಅದಕ್ಕೊಂದು ವೆಬ್‌ಸೈಟ್ ಇತ್ತು, ಇದ್ದೂ ಇಲ್ಲದ ಹಾಗೆ. ಅದರಲ್ಲಿದ್ದದ್ದು ಒಂದು ಫೋನ್ ನಂಬರು ಮತ್ತು ಎಲ್ಲಿಂದಲೋ ತಂದು ಅಂಟಿಸಿದ ಪಿಜ್ಜಾದ ಚಿತ್ರ. ಮುದ್ದೆ ಮೆಸ್ಸಿಗೆ ಪಿಜ್ಜಾದ ಚಿತ್ರ ಹಾಕಿದರೆ ಗಿರಾಕಿ ಬರುವುದು ಎಲ್ಲಿಂದ? ಮಹಡಿ ಮನೆಯ ತರನ್ನುಮ್ ಈ ಕೆಲಸ ಬಲ್ಲವಳು. ಹೋದ ತಿಂಗಳು ಅದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದಳು. ಹಬೆಯಾಡುವ ಮುದ್ದೆಯ ಫೋಟೊ, ದಾರಿ ತೋರಿಸುವ ನಕ್ಷೆ, ದಿನದ ಅಡುಗೆ, ಎಲ್ಲಕ್ಕಿಂತ ಮೇಲೆ ಗಿರಾಕಿಗಳ ಅನಿಸಿಕೆ. ಜನ ಮೊಬೈಲಿನಲ್ಲಿ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಒತ್ತುತ್ತಾರೆಂದು, ಒತ್ತಿದ್ದೆಲ್ಲ ತಾನಾಗಿ ಕನ್ನಡ ಲಿಪಿಗೆ ತಿರುಗುವ ಏರ್ಪಾಡನ್ನೂ ಮಾಡಿದಳು. ಮೊದಲ ದಿನ ‘ಕಾಳು ಪಲ್ಯ’ ಹೋಗಿ ‘ಕಾಲು ಪಲ್ಯ’ವಾದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ತರನ್ನುಮ್ ಆ ಒಂದು ಪದವನ್ನು ತಿದ್ದಿದಳು. ಹೊಸ ಮುಖಗಳು ಬರತೊಡಗಿದವು.

ಇವತ್ತು ಮೂರೂವರೆಗೆ ಮೊಟ್ಟಮೊದಲ ಅನಿಸಿಕೆ ಬಂತು. ಕಲಾವತಿ ಆಸೆಯಿಂದ ಓದಿದಳು.

‘ನಿಮ್ಮ ಬಸ್ಸಾರಲ್ಲಿ ಇಡೀ ಹಲ್ಲಿನೇ ಇದೆ. ಒಂದು ತುತ್ತಿಗೇ ಗೊತ್ತಾಯ್ತು. ಕಣ್ಣಲ್ಲಿ ನೀರು ಬಂತು. ಬೆಂಗಳೂರಿಗೆ ಬಂದು ಮೂವತ್ತು ವರ್ಷ, ಎಲ್ಲೂ ಹೀಗೆ ಆಗಿರಲಿಲ್ಲ. ನಾಳೆ ಮಧ್ಯಾಹ್ನ ಹತ್ತು ಜನರನ್ನ ಕರ್ಕೊಂಡು ಬರ್ತೀನಿ. ಮಾಡಿದೋರನ್ನ ನೋಡ್ಲೇಬೇಕು. ವೆಂಕಟೇಶಪ್ಪ, ಮಾಕಳಿ.’

ಅಳಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ತರನ್ನುಮ್ ಅಣ್ಣನ ಮದುವೆಗೆಂದು ತುಮಕೂರಿಗೆ ಹೋಗಿದ್ದಳು. ಅವಳ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ಈಗ ಯಾರು ಪುಟ ತೆರೆದರೂ ಮೊದಲು ಕಾಣುವುದು ಅದೇ. ಗಿರಾಕಿ ಬರಲೆಂದು ಇಟ್ಟ ಬಾಗಿಲಲ್ಲೇ ಹಲ್ಲಿ ಬಂದು ಕೂತಿತ್ತು.

ಮಧ್ಯಾಹ್ನ ಪಕ್ಕದ ರಸ್ತೆಯ ಹುಡುಗಿಯರ ಹಾಸ್ಟೆಲಿಗೂ ಅದೇ ಸಾರು ಹೋಗಿತ್ತು. ಕಲಾವತಿ ಕ್ಯಾರಿಯರ್ ವಾಪಸು ತರುವ ನೆಪ ಮಾಡಿಕೊಂಡು ಓಡಿದಳು. ಊಟ ಹೇಗಿತ್ತೆಂದು ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅಂದರು. ಒಬ್ಬಳು ಮಾತ್ರ ತಲೆನೋವೆಂದು ಮಲಗಿದ್ದಳು. ಕಲಾವತಿಗೆ ಅಷ್ಟೇ ಸಾಕಾಯಿತು. ಮೆಸ್ಸಿಗೆ ಬಂದವಳೇ ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿದಳು.

ಸಾರು ಮಾಡಿದವರು ಮುನಿಕೆಂಪಮ್ಮ. ಹೆಸರಘಟ್ಟದ ಕಡೆಯವರು, ಅರವತ್ತೆಂಟು ವರ್ಷ, ಒಂಬತ್ತು ವರ್ಷದಿಂದ ಈ ಒಲೆಯ ಮುಂದೆಯೇ ಇದ್ದವರು. ಕಲಾವತಿಗೆ ಬಸ್ಸಾರಿನ ಖಾರ ರುಬ್ಬುವುದನ್ನು ಕಲಿಸಿದ್ದೂ ಅವರೇ. ಮೆಸ್ ಬಿಟ್ಟರೆ ಅವರಿಗೆ ಬೇರೆ ಬದುಕಿರಲಿಲ್ಲ. ಆದರೆ ಒಂದು ವರ್ಷದಿಂದ ಕಣ್ಣಿಗೆ ಪೊರೆ ಬರುತ್ತಿತ್ತು. ನಿನ್ನೆಯಷ್ಟೇ ಒಲೆಯ ಮೇಲಿನ ಗೋಡೆಯಿಂದ ಒಂದು ಹಲ್ಲಿಯನ್ನು ಪೊರಕೆಯಲ್ಲಿ ಓಡಿಸಿದ್ದರು.

ಕಲಾವತಿ ವಿಷಯ ಹೇಳಿದಾಗ ಮುದುಕಿ ವಾದ ಮಾಡಲಿಲ್ಲ.

“ಮುಚ್ಚಳ ಮುಚ್ಚಿದ್ದೆ ಕಣಮ್ಮ. ಆದ್ರೆ ಕಣ್ಣು ಮೊದ್ಲಿನಂಗಿಲ್ಲ. ಬಿದ್ದಿದ್ರೂ ಬಿದ್ದಿರ್ಬೋದು. ಇಂಗಾಗ್ಬಾರ್ದಿತ್ತು.”

“ನೀವು ಊರಿಗೆ ಹೋಗ್ಬಿಡಿ ದೊಡ್ಡಮ್ಮ. ನಾಳೆ ಅವ್ರು ಬಂದಾಗ ಇಲ್ಲಿರೋದು ಬೇಡ.”

ಅದು ಅವರನ್ನು ಉಳಿಸಲು ಆಡಿದ ಮಾತೋ, ತಾನು ಉಳಿಯಲು ಆಡಿದ್ದೋ, ಕಲಾವತಿಗೇ ತಿಳಿಯಲಿಲ್ಲ. ಭಯ ಬಿದ್ದವರು ಅಷ್ಟೆಲ್ಲ ಯೋಚಿಸುವುದಿಲ್ಲ. ಮುನಿಕೆಂಪಮ್ಮ ಬಿಸಿಪಾತ್ರೆ ಹಿಡಿಯುವ ಬಟ್ಟೆಯನ್ನು ಮಡಿಸಿ ಒಲೆಕಟ್ಟೆಯ ಮೇಲಿಟ್ಟರು. ಬಸ್ಸು ಹತ್ತುವಾಗ ಮತ್ತೆ ಯಾವಾಗ ಬರಲಿ ಎಂದು ಕೇಳಿದರು. ಕಲಾವತಿ ಬ್ಯಾಗು ಎತ್ತಿ ಕೊಟ್ಟಳು.

ಮಾರನೆಯ ದಿನ ಒಲೆ ಹೊತ್ತಿಸಲಿಲ್ಲ. ಷಟರ್ ಅರ್ಧ ಇಳಿಸಿ, ಗಲ್ಲಾಪೆಟ್ಟಿಗೆಯ ಹಿಂದೆ ಕೂತಳು. ಹನ್ನೆರಡೂವರೆಗೆ ಒಂದು ಟೆಂಪೊ ಟ್ರಾವೆಲರ್ ಬಂದು ನಿಂತಿತು. ಕಲಾವತಿ ಬಗ್ಗಿ ಕಾಲುಗಳನ್ನು ಎಣಿಸಿದಳು. ಹೇಳಿದಂತೆ ಹತ್ತು ಜನ, ಮೇಲೆ ಬರೆದವನೊಬ್ಬ. ಷಟರಿನಡಿ ತಲೆ ತಗ್ಗಿಸಿ ಒಳಗೆ ಬಂದವರಲ್ಲಿ ಒಬ್ಬನ ಕೊರಳಲ್ಲಿ ಕ್ಯಾಮೆರಾ ಇತ್ತು. ಟೀವಿಯವರನ್ನೂ ಕರೆತಂದಿದ್ದಾರೆ, ಇನ್ನು ಮೆಸ್ಸಿನ ಕಥೆ ಮುಗಿಯಿತು ಎಂದುಕೊಂಡಳು.

ಮುಂದೆ ನಿಂತ ಬಿಳಿ ಪಂಚೆಯ ಹಿರಿಯರು ತಾವು ವೆಂಕಟೇಶಪ್ಪ ಎಂದು ಹೇಳಿಕೊಂಡರು. ಅವರ ಕಣ್ಣು ನೇರ ಅಡುಗೆಮನೆಯ ಬಾಗಿಲಿಗೆ ಹೋಯಿತು.

“ಆ ಬಸ್ಸಾರು ಮಾಡಿದೋರು ಎಲ್ಲಮ್ಮಾ?”

ಕಲಾವತಿ ಎದ್ದು ನಿಂತು ಕೈಮುಗಿದಳು.

“ಅವ್ರನ್ನ ನಿನ್ನೇನೇ ಕಳಿಸ್ಬಿಟ್ಟೆ ಸಾರ್. ಇನ್ಮೇಲೆ ಅವ್ರು ಒಲೆ ಮುಟ್ಟಲ್ಲ. ತಪ್ಪಾಯ್ತು, ದೊಡ್ಡದು ಮಾಡ್ಬೇಡಿ.”

ಹನ್ನೊಂದು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ವೆಂಕಟೇಶಪ್ಪ ಕೈಯಲ್ಲಿದ್ದ ಚೀಲವನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. ಅದು ಒಂದು ಕಡೆಗೆ ವಾಲಿ, ಒಳಗಿನಿಂದ ಹೊಸ ಸೀರೆಯ ಅಂಚು, ವೀಳ್ಯದೆಲೆ, ಒಂದು ಮೊಳ ಮಲ್ಲಿಗೆ ಈಚೆಗೆ ಬಂದವು.

“ಯಾಕಮ್ಮಾ ಕಳಿಸಿದ್ರಿ? ‘ನಿಮ್ಮ ಬಸ್ಸಾರಲ್ಲಿ ಇಡೀ ಹಳ್ಳಿನೇ ಇದೆ’ ಅಂತ ನಾನು ಬರ್ದಿದ್ದು ನೀವು ಓದ್ಲೇ ಇಲ್ವಾ?”